ಕರೆಂಟ್ ತೆಗೆಯದೆ ಬಿಟ್ಟ ನೀರು

ಮೂರು ಊರು ಸೇರಿಸಿ ಒಂದು ಪಟ್ಟಣ ಪಂಚಾಯಿತಿ ಮಾಡಿದ ದಿನ ನಮ್ಮೂರಿನಲ್ಲೂ ಪೇಢೆ ಹಂಚಿದ್ದರು. ನಾನೂ ತಿಂದೆ. ಈಗ ನೆನೆದರೆ ಬಾಯಿ ಕಹಿಯಾಗುತ್ತದೆ.

ನಮ್ಮ ಓಣಿಯಲ್ಲಿ ನಳದ ನೀರು ಮೇಲೇರುವುದಿಲ್ಲ. ಅದಕ್ಕೆ ಮನೆ ಮನೆಯ ಮುಂದೆ ಸೊಂಟದಾಳದ ಗುಂಡಿ ತೋಡಿ, ನಳವನ್ನು ಅದರೊಳಗೆ ಕೂರಿಸಿದ್ದೇವೆ. ಎಂಟು ದಿನಕ್ಕೊಮ್ಮೆ ನೀರು. ಗ್ರಾಮ ಪಂಚಾಯಿತಿ ಇದ್ದಾಗ ನೀರು ಬಿಡುವ ಕಾಕಾ ಮೊದಲು ಲೈನ್‌ಮನ್‌ಗೆ ಫೋನ್ ಮಾಡಿ ಓಣಿಯ ಕರೆಂಟ್ ತೆಗೆಸುತ್ತಿದ್ದ, ಆಮೇಲೆ ವಾಲ್ವ್ ತಿರುಗಿಸುತ್ತಿದ್ದ. ಯಾರೂ ಮೋಟರ್ ಹಚ್ಚಿ ಪಕ್ಕದ ಮನೆಯ ನೀರು ಎಳೆಯಬಾರದೆಂದು. ಇದು ಯಾವ ಕಾಗದದಲ್ಲೂ ಇರಲಿಲ್ಲ. ಕರೆಂಟ್ ಹೋಯಿತೆಂದರೆ ಹೆಂಗಸರು ಕೊಡ ಹಿಡಿದು ಹೊರಬರುತ್ತಿದ್ದರು, ಅಷ್ಟೇ.

ಪಟ್ಟಣವಾದ ಮೇಲೆ ಕಾಕಾನನ್ನು ಇನ್ನೊಂದು ಊರಿನ ವಾರ್ಡಿಗೆ ಹಾಕಿದರು. ಅಲ್ಲಿಯವನು ಇಲ್ಲಿಗೆ ಬಂದು, ಕರೆಂಟ್ ಇದ್ದಾಗಲೇ ನೀರು ಬಿಟ್ಟ. ತಿಂಗಳೊಪ್ಪತ್ತಿನಲ್ಲಿ ಓಣಿ ತುಂಬ ಮೋಟರ್. ಇಲ್ಲದ ಮನೆಗೆ ಹನಿ ನೀರಿಲ್ಲ. ನಾನೂ ಒಂದು ತಂದೆ. ವೈರಿನ ಜೋಡಣೆಗೆ ಟೇಪ್ ಸುತ್ತಿದವಳು ನಾನೇ, ಗಜೇಂದ್ರಗಡಕ್ಕೆ ಬಸ್ಸಿನಲ್ಲಿ ಓಡಾಡಿ ಬಿ.ಎಸ್ಸಿ. ಮುಗಿಸಿದವಳು.

ಆ ಮುಂಜಾನೆ ಮೋಟರ್ ಹಚ್ಚಿ, ಅತ್ತಿಗೆ ಗುಂಡಿಗಿಳಿದು ಕೊಡ ತುಂಬುತ್ತಿದ್ದಳು. ಆಡುತ್ತಿದ್ದ ಮಾತು ಅರ್ಧಕ್ಕೆ ನಿಂತಿತು. ಕೈ ನಳಕ್ಕೆ ಅಂಟಿತ್ತು, ಕಣ್ಣು ನನ್ನ ಮೇಲಿತ್ತು. ನಾನು ಬಗ್ಗಿ ಅವಳ ಭುಜಕ್ಕೆ ಕೈ ಚಾಚಿದೆ.

"ಮುಟ್ಟಬ್ಯಾಡಲೇ ಹುಚ್ಚಿ, ನೀನೂ ಸಾಯ್ತಿ! ಮದ್ಲ ಬಟನ್ ಬಂದ್ ಮಾಡ!" ಎದುರುಮನೆಯ ಆಯಿ ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದಳು.

ನಾನು ಓಡಿ ಬಟನ್ ಬಂದ್ ಮಾಡಿದೆ. ಅತ್ತಿಗೆ ಉಳಿದಳು. ರೋಣದ ದವಾಖಾನೆಯಿಂದ ಮೂರನೆಯ ದಿನ ಬಂದಳು. ಬಲಗೈಯ ಎರಡು ಬೆರಳು ಇಂದಿಗೂ ಮಡಚುವುದಿಲ್ಲ. ನನ್ನ ಅಂಗೈಯಂತೂ ಇನ್ನೂ ಅವಳ ಭುಜದಿಂದ ಗೇಣು ದೂರದಲ್ಲೇ ನಿಂತಿದೆ; ರೊಟ್ಟಿ ಮುರಿಯುವಾಗ, ಬಸ್ಸಿನ ಸರಳು ಹಿಡಿಯುವಾಗ.

ಪಟ್ಟಣ ಪಂಚಾಯಿತಿ ಕಚೇರಿಗೆ ಹೋಗಿ ನಮ್ಮೂರ ಹೆಸರು ಹೇಳಿದೆ.

"ಊರ ಹೆಸರ ಬ್ಯಾಡ್ರಿ, ವಾರ್ಡ್ ನಂಬರ್ ಹೇಳ್ರಿ," ಎಂದ ಗುಮಾಸ್ತ. ಎಲ್ಲ ಕೇಳಿ, "ಕರೆಂಟ್ ತಗದ ನೀರ ಬಿಡಬೇಕಂತ ಆರ್ಡರ್ ಎಲ್ಲಿ ಐತ್ರಿ? ಮೋಟರ್ ಹಚ್ಚಿದವ್ರು ಯಾರು?"

"ನಾನ ರೀ. ಅದನ್ನೂ ಬರಕೋರಿ. ಕಾಕಾನ್ನ ಎತ್ತಿ ಹಾಕೂಮುಂದ ಒಂದ ಮಾತ ಯಾರೂ ಯಾಕ ಕೇಳಲಿಲ್ಲ, ಅದನ್ನೂ ಬರಕೋರಿ."

ಅವನು ಪೆನ್ನು ಮುಟ್ಟಲಿಲ್ಲ.

ಮನೆಗೆ ಬಂದು ಮೋಟರ್ ಕಿತ್ತೆ. ಮುಂದಿನ ಸರದಿಯ ದಿನ ಓಣಿಯೆಲ್ಲ ಗುರ್ರೆನ್ನುತ್ತಿತ್ತು, ನಮ್ಮ ನಳ ಒಣಗಿ ನಿಂತಿತ್ತು. ಅತ್ತಿಗೆ ಎಡಗೈಯಲ್ಲಿ ಕೊಡ ಹಿಡಿದು ಗುಂಡಿಯ ಅಂಚಿನಲ್ಲೇ ನಿಂತಳು.

"ಕರೆಂಟ್ ಹೋಗೇತೇನ ನೋಡವಾ."

ಕಾಕಾನಿಗೆ ಫೋನ್ ಮಾಡಿದೆ. "ಅದು ಈಗ ನನ್ನ ವಾರ್ಡ್ ಅಲ್ಲವ್ವಾ," ಎಂದ. ಆಮೇಲೆ, "ತಡಿ, ಲೈನ್‌ಮನ್‌ಗೆ ಹೇಳತೀನಿ," ಎಂದ.

ಮೋಟರುಗಳೆಲ್ಲ ಒಮ್ಮೆಗೇ ಸುಮ್ಮನಾದವು. "ಯಾವಾಂವ ಅಂವ ಕರೆಂಟ್ ತಗದಾಂವ?" ಎಂದು ಓಣಿ ಬೈಯುತ್ತ ಹೊರಬಂತು.

"ಅಂವ ಅಲ್ಲ, ನಾನ ತಗಸೀನಿ," ಎಂದು ನಾನೂ ಕೂಗಿದೆ. "ಬರ್ರಿ ಯಾರ ಬರತೀರಿ."

ನನ್ನ ಹಿಂದೆ ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಗುಂಡಿಗೆ ಇಳಿಯುತ್ತಿದ್ದಳು.