ಗಾಜಪ್ಪನ ಮನೆಯ ಪ್ಯಾಸೇಜು

ನನ್ನ ಭಾವನಿಗೆ ಪೇಟೆಯಲ್ಲಿ ಗಾಜಪ್ಪ ಎಂದೇ ಹೆಸರು. ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ, ಗಡಿಯಾರದ ಅಂಗಡಿಗಳಲ್ಲಿ ರಸ್ತೆಗೆ ಕಾಣುವ ಗಾಜಿನ ಹಿಂದೆ ಸಾಮಾನು ಜೋಡಿಸುವುದು ಅವರ ಕೆಲಸ. ಗಾಜಿಗೂ ಗೋಡೆಗೂ ನಡುವಿನ ಎರಡಡಿ ಜಾಗದಲ್ಲಿ, ಬಾಯಿ ತುಂಬ ಗುಂಡುಪಿನ್ನು ಕಚ್ಚಿಕೊಂಡು, ಬರಿಗಾಲಲ್ಲಿ ಅಡ್ಡಡ್ಡ ನಡೆಯುತ್ತ ಮೂವತ್ತು ವರ್ಷ ಕಳೆದಿದ್ದಾರೆ. ಬಾಯಲ್ಲಿ ಪಿನ್ನು ಇಟ್ಟುಕೊಂಡವರಿಗೆ ಮಾತೆಲ್ಲಿಂದ ಬರಬೇಕು? ಮನೆಗೆ ಬಂದ ಮೇಲೂ ಹ್ಞೂಂ, ಉಹ್ಞೂಂ, ಅಷ್ಟೇ. ನಮ್ಮಕ್ಕ ಈ ಮನುಷ್ಯನ ಜೊತೆ ಹದಿನೆಂಟು ವರ್ಷ ಹೇಗೆ ಬಾಳಿದಳೋ ನನಗೆ ಗೊತ್ತಿಲ್ಲ. ನಾನಾಗಿದ್ದರೆ ಗೋಡೆಯ ಜೊತೆ ಮಾತಾಡಿ ಗೋಡೆಗೂ ತಲೆನೋವು ತರಿಸುತ್ತಿದ್ದೆ.

ಅವರ ಕಸುಬಿನಲ್ಲಿ ಕೆಲವು ಗುಟ್ಟುಗಳಿವೆ. ಗಾಜಿನೊಳಗಿನ ಯಾವ ಸಾಮಾನೂ ಅಲ್ಲಾಡಬಾರದು. ಅಂಗಿಗೆ ಬೆನ್ನ ಹಿಂದಿನಿಂದ ಪಿನ್ನು, ಬೂಟಿಗೆ ಅಟ್ಟೆಯೊಳಗಿನಿಂದ ಮೊಳೆ, ಉಡುಗೊರೆಯ ಡಬ್ಬಿಯೊಳಗೆ ಬರೀ ರದ್ದಿ ಕಾಗದ. ಚಪ್ಪಲಿಯಾದರೆ ಜೋಡಿಯಲ್ಲಿ ಒಂದನ್ನೇ ಇಡುವುದು, ಒಂಟಿ ಕಾಲಿನದನ್ನು ಕದ್ದು ಯಾರು ಏನು ಮಾಡುತ್ತಾರೆ? ಎಲ್ಲ ಮುಗಿದ ಮೇಲೆ ರಸ್ತೆ ದಾಟಿ, ಎದುರಿನ ಫುಟ್‌ಪಾತಿನಲ್ಲಿ ನಿಂತು, ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಅಲ್ಲಿಂದ ಚೆನ್ನಾಗಿ ಕಂಡರೆ ಚೆನ್ನಾಗಿದೆ ಎಂದು ಲೆಕ್ಕ.

ಇಷ್ಟೆಲ್ಲ ಬಲ್ಲವರ ಮನೆಯ ಬಾಗಿಲು ತೆಗೆದರೆ ಮಾತ್ರ ದೀಪದ ಬುಡದಲ್ಲೇ ಕತ್ತಲೆ. ನಾಲ್ಕಡಿ ಅಗಲ, ಐದಡಿ ಉದ್ದದ ಪ್ಯಾಸೇಜು. ಅದರ ತುಂಬ ಅಂಗಡಿಯಲ್ಲಿ ಬಟ್ಟೆ ತೊಡಿಸುವ ಬೊಂಬೆಗಳ ಕಳಚಿದ ಕೈಕಾಲು, ಬಣ್ಣದ ಕಾಗದದ ಸುರುಳಿ, ಕಿವಿ ಮುರಿದ ಎರಡು ತಲೆ. ನಾವೆಲ್ಲ ಅಭ್ಯಾಸವಾಗಿ ದಾಟಿಕೊಂಡು ಹೋಗುತ್ತಿದ್ದೆವು.

ಅಕ್ಕನಿಗೆ ಮಕ್ಕಳಾಗಲಿಲ್ಲ. ಎರಡು ವರ್ಷ ದತ್ತು ಅರ್ಜಿ ಹಿಡಿದು ಅಲೆದ ಮೇಲೆ ಅನಾಥ ಮಕ್ಕಳ ಮನೆಯವರು ಏಳು ವರ್ಷದ ಹುಡುಗಿಯೊಬ್ಬಳನ್ನು ತೋರಿಸಿದರು. ಆ ಮಗು ಆಗಲೇ ಒಂದು ಮನೆಗೆ ಹೋಗಿ, ಮೂರು ತಿಂಗಳಿಗೆ ವಾಪಸಾಗಿತ್ತು. ‘ಹೊಂದಾಣಿಕೆ ಆಗಲಿಲ್ಲ’ ಎಂದು ಬರೆದಿದ್ದರಂತೆ. ಏಳು ವರ್ಷದ ಮಗುವನ್ನು ಅಳತೆ ಸರಿಯಿಲ್ಲದ ಅಂಗಿಯ ಹಾಗೆ ಹಿಂದಿರುಗಿಸಿದ ಆ ಮಹಾನುಭಾವರು ನನ್ನ ಕೈಗೆ ಸಿಕ್ಕಿದ್ದರೆ ನಾಲ್ಕು ಮಾತು ಕೇಳುತ್ತಿದ್ದೆ. ಅಕ್ಕ ನಾಲ್ಕು ಭಾನುವಾರ ಹೋಗಿ ಅವಳನ್ನು ನೋಡಿ ಬಂದಳು. ಐದನೆಯ ಭಾನುವಾರಕ್ಕೆ ಅವಳ ಫ್ರಾಕಿನ ಅಳತೆ, ಅವಳಿಗೆ ಸೇರದ ತರಕಾರಿ, ನಿದ್ದೆಯಲ್ಲಿ ಹಲ್ಲು ಕಡಿಯುವುದು ಎಲ್ಲವೂ ಅಕ್ಕನಿಗೆ ಬಾಯಿಪಾಠವಾಗಿತ್ತು.

ಆಮೇಲೆ ನಮ್ಮ ಮನೆ ನೋಡಲು ಮಕ್ಕಳ ಮನೆಯ ಮೇಡಂ ಬಂದರು. ಬಾಗಿಲು ದಾಟಿ ಒಂದು ಹೆಜ್ಜೆ ಇಟ್ಟದ್ದೇ ತಡ, ಬೊಂಬೆಯ ಕೈಯೊಂದು ಕಾಲಿಗೆ ತೊಡರಿ ಮುಗ್ಗರಿಸಿದರು. ಸಾವರಿಸಿಕೊಳ್ಳಲು ಹಿಡಿದದ್ದು ಇನ್ನೊಂದು ಬೊಂಬೆಯ ತಲೆ. ಅಡುಗೆಮನೆ, ಮಲಗುವ ಕೋಣೆ, ಬಚ್ಚಲು ಎಲ್ಲಕ್ಕೂ ಸರಿ ಎಂದು ಗುರುತು ಹಾಕಿ, ಹೊರಡುವಾಗ ಮತ್ತೆ ಪ್ಯಾಸೇಜಿನಲ್ಲಿ ನಿಂತರು.

“ಮಗು ಮೊದಲು ಕಾಲಿಡೋದು ಇಲ್ಲಿ. ಇದನ್ನ ಸರಿ ಮಾಡಿ,” ಎಂದರು. “ಹದಿನೈದು ದಿನ ಬಿಟ್ಟು ಅವಳನ್ನ ಕರ್ಕೊಂಡೇ ಬರ್ತೀನಿ, ಚೀಲದ ಸಮೇತ. ನನಗೆ ಸರಿ ಅನ್ಸಿದ್ರೆ ಚೀಲ ಇಲ್ಲೇ ಇರತ್ತೆ. ಇಲ್ದಿದ್ರೆ ಅವಳ ಜೊತೆ ವಾಪಸ್ ಬರತ್ತೆ. ಆ ಮಗೂನ ಇನ್ನೊಂದ್ಸಲ ಮನೆ ಮನೆ ಅಲೆಸಕ್ಕೆ ನನಗಿಷ್ಟ ಇಲ್ಲ.”

ಆ ದಿನದಿಂದ ಭಾವ ಪೇಟೆಯ ಕೆಲಸಕ್ಕೆ ರಜೆ ಹಾಕಿದರು. ಬೊಂಬೆಗಳ ಅಂಗಾಂಗವೆಲ್ಲ ಗೂಡ್ಸ್ ಆಟೋ ಏರಿತು. ಗೋಡೆಗೆ ತಿಳಿ ಹಳದಿ ಬಣ್ಣ ಎರಡು ಸಲ. ಎಡಗಡೆಗೆ ಅಂಡಾಕಾರದ ಕನ್ನಡಿ, ಅದರ ಮೇಲೆ ಸಣ್ಣ ದೀಪ. ಒಳಬಾಗಿಲಿಗೆ ನಾನು ಹೊಲಿದುಕೊಟ್ಟ ಪರದೆ. ಎಲ್ಲಕ್ಕಿಂತ ಹೆಚ್ಚಾಗಿ, ಬಲಗಡೆಗೆ ಚಪ್ಪಲಿಯ ಹಲಗೆ. ಅದಕ್ಕೆ ಕಾಲಿಲ್ಲ. ಸೂರಿನಿಂದ ನಾಲ್ಕು ನೈಲಾನ್ ದಾರ ಇಳಿಬಿಟ್ಟು, ಮೊಣಕಾಲೆತ್ತರದಲ್ಲಿ ಹಲಗೆ ತೂಗುಹಾಕಿದ್ದರು. ದಾರ ಕಣ್ಣಿಗೆ ಕಾಣದು, ಹಲಗೆ ಗಾಳಿಯಲ್ಲಿ ನಿಂತ ಹಾಗೆ.

“ಅವಳ ಕೈಗೆ ಎಟಕೋ ಹಾಗೆ ಒಂದು ಗೂಟ ಹಾಕ್ರೀ, ಚೀಲಕ್ಕೆ,” ಎಂದಳು ಅಕ್ಕ.

“ಹ್ಞೂಂ.”

“ಕೂತ್ಕೊಂಡು ಚಪ್ಪಲಿ ಬಿಡಕ್ಕೆ ಒಂದು ಮಣೆ ಇರ್ಲಿ.”

“ಹ್ಞೂಂ.”

ಗೂಟವೇನೋ ಬಂತು, ಭಾವನ ಭುಜದ ಎತ್ತರಕ್ಕೆ. ಅಂಗಡಿಯಲ್ಲಿ ಗಿರಾಕಿಯ ಕಣ್ಣಿಗೆ ಬೀಳಬೇಕಾದ ಎತ್ತರ ಅದು. ಕನ್ನಡಿಯೂ ಅಷ್ಟೇ ಎತ್ತರಕ್ಕೆ. ಮಣೆ ಬರಲೇ ಇಲ್ಲ, ಆಚೆಯಿಂದ ನೋಡಿದಾಗ ಅಡ್ಡವಾಗುತ್ತಿತ್ತಂತೆ. “ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು ಆಗ್ದಿದ್ರೆ ಸಾಕು,” ಎಂದು ಅಕ್ಕ ಗೊಣಗಿದಳು. ನಾನು ಅಕ್ಕನ ಪರ ನಿಲ್ಲಬೇಕಿತ್ತು. ಬದಲಿಗೆ, ಮೇಡಂ ಬರುವ ಹಿಂದಿನ ದಿನ ಸಂಜೆ ಭಾವ ನನ್ನನ್ನು ರಸ್ತೆಯಾಚೆ ಕರೆದುಕೊಂಡು ಹೋಗಿ ನಿಲ್ಲಿಸಿದಾಗ, ಬಾಗಿಲೊಳಗಿನ ಹಳದಿ ಬೆಳಕು, ತೇಲುವ ಹಲಗೆ, ಅದರ ಮೇಲೆ ಸಾಲಾಗಿ ಕುಳಿತ ಹತ್ತು ಚಂದದ ಪಾದರಕ್ಷೆ, ತುದಿಯಲ್ಲಿ ಕಾಗದದ ಹೂವಿದ್ದ ಮಣ್ಣಿನ ಹೂದಾನಿ, ಇಷ್ಟನ್ನೂ ನೋಡಿ ಬೆಪ್ಪಳ ಹಾಗೆ ಚಪ್ಪಾಳೆ ತಟ್ಟಿದೆ. ಸಾಲಿನ ನಡುವೆ ಒಂದು ಪುಟ್ಟ ಕೆಂಪು ಬೂಟು. ಉಳಿದವು ಅಂಗಡಿಯಿಂದ ತಂದ ಹಳೆಯ ಒಂಟಿಗಳು. ಕೆಂಪು ಬೂಟನ್ನು ಮಾತ್ರ ಅವಳಿಗೆಂದೇ ಜೋಡಿ ಕೊಂಡಿದ್ದರು. ಆದರೂ ಇಟ್ಟದ್ದು ಒಂದನ್ನೇ. ಹುಟ್ಟುಗುಣ ಸುಟ್ಟರೂ ಹೋಗದು.

ಮಾರನೆಯ ದಿನ ಅಕ್ಕ ನೆಲವನ್ನು ನಾಲ್ಕು ಸಲ ಒರೆಸಿದಳು. ಹನ್ನೊಂದಕ್ಕೆ ಬರುತ್ತೇನೆ ಎಂದಿದ್ದ ಮೇಡಂ ಹನ್ನೊಂದಕ್ಕೇ ಬಂದರು. ಅವರ ಹಿಂದೆ ಹುಡುಗಿ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ಬೆನ್ನಿಗೆ ಬೂದು ಚೀಲ, ಅದರ ಭಾರಕ್ಕೆ ಸ್ವಲ್ಪ ಹಿಂದಕ್ಕೆ ವಾಲಿದ್ದಳು. ಹೊಸ್ತಿಲಾಚೆಯೇ ಚಪ್ಪಲಿ ಬಿಟ್ಟು, ಬಗ್ಗಿ ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದಳು.

“ಚೆನ್ನಾಗ್ ಮಾಡಿದೀರಲ್ಲ,” ಎಂದು ಮೇಡಂ ಸುತ್ತ ನೋಡಿದರು. ನನ್ನ ಜೀವಕ್ಕೆ ಸ್ವಲ್ಪ ಸಮಾಧಾನವಾಯಿತು. ಹುಡುಗಿಯ ಬೆನ್ನಿಂದ ಚೀಲ ಬಿಡಿಸಿ ಅವರು ನೆಲದ ಮೇಲೆ ಇಟ್ಟರು. ಅಕ್ಕನ ಕಣ್ಣು ಆ ಚೀಲವನ್ನು ಬಿಟ್ಟು ಕದಲಲಿಲ್ಲ.

ಹುಡುಗಿ ಕನ್ನಡಿಯ ಮುಂದೆ ತುದಿಗಾಲಲ್ಲಿ ನಿಂತಳು. ಅವಳಿಗೆ ಕಂಡದ್ದು ತನ್ನ ಬೈತಲೆ ಮಾತ್ರ. ಸುಮ್ಮನೆ ಇಳಿದಳು.

“ಚಪ್ಪಲಿ ಅಲ್ಲಿಡು ಪುಟ್ಟಿ,” ಎಂದಳು ಅಕ್ಕ, ಹಲಗೆ ತೋರಿಸಿ.

ಅವಳು ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಎಲ್ಲಿಯೂ ಜಾಗವಿರಲಿಲ್ಲ. ಕೆಂಪು ಬೂಟನ್ನು ಒಂದು ಬೆರಳಿನಿಂದ ಸರಿಸಿದಳು, ಸರಿಯಲಿಲ್ಲ. ಭಾವ ಬಾಯಿ ತೆರೆದರು. ಮಾತು ಹೊರಡುವ ಮೊದಲೇ ಅವಳು ಬೂಟನ್ನು ಹಿಡಿದು ಎಳೆದಳು. ಒಂದು ದಾರ ಟಪ್ಪೆಂದಿತು. ಹಲಗೆ ವಾಲಿತು. ಹತ್ತೂ ಪಾದರಕ್ಷೆಗಳು ಮೊಳೆ ಕಚ್ಚಿಕೊಂಡು ಇದ್ದಲ್ಲೇ ಇದ್ದವು. ಮಣ್ಣಿನ ಹೂದಾನಿಗೆ ಮಾತ್ರ ಮೊಳೆ ಹೊಡೆಯಲಾಗಿರಲಿಲ್ಲ. ಅದು ಜಾರಿ, ಅವಳ ಬರಿಗಾಲಿಂದ ಒಂದು ಗೇಣು ಆಚೆ ಬಿದ್ದು ಚೂರುಚೂರಾಯಿತು.

ಹುಡುಗಿ ಗೋಡೆಗೆ ಅಂಟಿಕೊಂಡಳು. ಚಪ್ಪಲಿ ಎದೆಗೆ ಒತ್ತಿಕೊಂಡಿದ್ದಳು.

“ನಾನು ಬೇಕಂತ ಮಾಡ್ಲಿಲ್ಲ,” ಎಂದಳು. ಆಮೇಲೆ ಗಡಿಬಿಡಿಯಲ್ಲಿ, “ಕಸಬರಿಗೆ ಕೊಡಿ, ನಾನೇ ಗುಡಿಸ್ತೀನಿ. ನಂಗೆ ಗುಡಿಸಕ್ಕೆ ಬರತ್ತೆ.”

ಅಕ್ಕ ಮುಂದೆ ಹೋಗಬೇಕೆಂದವಳು ಮೇಡಂ ಮುಖ ನೋಡಿ ನಿಂತಳು. ಮೇಡಂ ಬಗ್ಗಿ, ಕಡಿದ ದಾರವನ್ನು ಬೆರಳಿಗೆ ಸುತ್ತಿ ನೋಡುತ್ತಿದ್ದರು.

“ದಾರದಲ್ಲಿ ನೇತುಹಾಕಿದೀರಾ? ಅವಳ ಕಾಲ ಮೇಲೆ ಬಿದ್ದಿದ್ರೆ?” ಎಂದರು. ಒಂದು ಬೂಟನ್ನು ಅಲ್ಲಾಡಿಸಿದರು. “ಇದೇನು, ಮೊಳೆ ಹೊಡ್ದಿದೀರಾ? ಎಲ್ಲಾ ಒಂದೊಂದೇ ಕಾಲು! ನಾನು ಹೇಳಿದ್ದು ಮಗೂಗೆ ಜಾಗ ಮಾಡಿ ಅಂತ. ನೀವು ನನಗೆ ತೋರ್ಸಕ್ಕೆ ಮಾಡಿದೀರಾ.”

ಅವರು ಫೈಲು ಮುಚ್ಚಿದರು. ಬೂದು ಚೀಲವನ್ನು ಎತ್ತಿ ತಮ್ಮ ಹೆಗಲಿಗೆ ಹಾಕಿಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದನ್ನು ಎಷ್ಟೋ ಸಲ ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ. ಭಾವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಿಂದೆಯೇ ಚಪ್ಪಾಳೆ ತಟ್ಟಿದ ನನ್ನ ಕೈಗಳ ಮೇಲೂ ಬಂತು.

ಭಾವ ಮೇಡಂ ಕಡೆ ನೋಡಲೇ ಇಲ್ಲ. ಹೂದಾನಿಯ ಚೂರುಗಳನ್ನು ಅಂಗೈಯಲ್ಲಿ ಬಳಿದು ಪಕ್ಕಕ್ಕಿಟ್ಟು, ಹುಡುಗಿಯ ಮುಂದೆ ನೆಲದ ಮೇಲೆ ಕುಳಿತರು. ಹದಿನೆಂಟು ವರ್ಷದಲ್ಲಿ ಅವರ ಬಾಯಿಂದ ಅಷ್ಟು ಉದ್ದದ ಮಾತು ನಾನು ಕೇಳಿರಲಿಲ್ಲ.

“ಪುಟ್ಟಿ, ನೀನೇನೂ ಮುರೀಲಿಲ್ಲ. ತಪ್ಪು ನಂದು. ನಾನು ಅಂಗಡಿ ಕಿಟಕಿ ಮಾಡೋನು. ಅಲ್ಲಿ ಯಾರೂ ಏನೂ ಮುಟ್ಟಲ್ಲ, ಅದಕ್ಕೇ ಎಲ್ಲಾದಕ್ಕೂ ಮೊಳೆ ಹೊಡೀತೀನಿ. ಇಲ್ಲೂ ಹೊಡ್ದೆ. ಇಲ್ಲಿ ಒಬ್ಬಳು ಬಂದು ಚಪ್ಪಲಿ ಇಡ್ತಾಳೆ ಅಂತ ನನ್ನ ತಲೇಗೆ ಹೋಗ್ಲೇ ಇಲ್ಲ.”

ಜೇಬಿನಿಂದ ಇಕ್ಕಳ ತೆಗೆದರು. ಒಂದೊಂದೇ ಮೊಳೆ ಕೀಳತೊಡಗಿದರು. ಕಿತ್ತ ಮೊಳೆಗಳನ್ನು ಅಭ್ಯಾಸದಂತೆ ಬಾಯಲ್ಲಿ ಕಚ್ಚಿಕೊಂಡರು. ಮೇಡಂ ಗಡಿಯಾರ ನೋಡಿಕೊಂಡರು, ಆದರೆ ಹೊರಡಲಿಲ್ಲ. ಒಂಟಿ ಚಪ್ಪಲಿಗಳು ಮೂಲೆ ಸೇರಿದವು. ಉಳಿದ ದಾರಗಳನ್ನು ಕತ್ತರಿಸಿ ಹಲಗೆ ಇಳಿಸಿದರು. ನಾನು ಓಡಿಹೋಗಿ ಹಿತ್ತಲಿನಿಂದ ನಾಲ್ಕು ಇಟ್ಟಿಗೆ ತಂದೆ, ಅದರ ಮೇಲೆ ಹಲಗೆ ಕೂತಿತು. ಕನ್ನಡಿಯನ್ನು ಗೋಡೆಯಿಂದ ತೆಗೆದು ನೆಲಕ್ಕೆ ಒರಗಿಸಿದರು. ಹದಿನೈದು ದಿನದ ಅಲಂಕಾರ ಹತ್ತು ನಿಮಿಷದಲ್ಲಿ ಹೋಯಿತು. ಗೋಡೆಯಲ್ಲಿ ತೂತು, ಸೂರಿನಿಂದ ಜೋಲುವ ದಾರದ ತುಂಡು, ಇಟ್ಟಿಗೆಯ ಕೆಂಪು ಪುಡಿ.

ಹುಡುಗಿ ಕೆಂಪು ಬೂಟನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು. ಅಟ್ಟೆಯಲ್ಲಿ ಮೊಳೆಯ ತೂತು.

“ಇದರ ಇನ್ನೊಂದು ಕಾಲು ಎಲ್ಲಿ?”

ಭಾವ ಎದ್ದು ಒಳಗೆ ಹೋಗಿ, ಮಂಚದ ಕೆಳಗಿನ ಡಬ್ಬಿಯಿಂದ ಅದನ್ನು ತಂದುಕೊಟ್ಟರು. ಅವಳು ಎರಡನ್ನೂ ಅಕ್ಕಪಕ್ಕ ಹಿಡಿದು, ಒಂದೇ ಅಳತೆಯೇ ಎಂದು ಪರೀಕ್ಷಿಸಿ, ಹಲಗೆಯ ಮೇಲಿಟ್ಟಳು. ತನ್ನ ಚಪ್ಪಲಿಯನ್ನು ಮಾತ್ರ ಕಂಕುಳಲ್ಲಿ ಅವುಚಿಕೊಂಡೇ ಇದ್ದಳು.

“ಪುಟ್ಟಿ,” ಎಂದರು ಮೇಡಂ. ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ, ಚೀಲ ಇನ್ನೂ ಹೆಗಲ ಮೇಲೆಯೇ ಇತ್ತು. “ಹೊರಡೋಣ್ವಾ? ನಾನು ಕೇಳ್ತಿರೋದು ನಿನ್ನ. ಯಾರ ಮುಖಾನೂ ನೋಡ್ಬೇಡ.”

ಭಾವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಮೊಳೆಗಳನ್ನು ಬಾಯಲ್ಲಿ ಕಚ್ಚಿಕೊಂಡೇ ಬಾಗಿಲು ದಾಟಿ, ಬರಿಗಾಲಲ್ಲಿ ರಸ್ತೆ ದಾಟಿ, ಎದುರಿನ ಫುಟ್‌ಪಾತಿನಲ್ಲಿ ನಿಂತುಬಿಟ್ಟರು. ಹೆದರಿದಾಗ ಮನುಷ್ಯ ತನಗೆ ಗೊತ್ತಿರುವ ಜಾಗಕ್ಕೇ ಹೋಗುತ್ತಾನೆ.

ಅಕ್ಕ ನನ್ನ ರಟ್ಟೆ ಹಿಡಿದಿದ್ದಳು. ಅವಳ ಉಗುರು ಚರ್ಮಕ್ಕೆ ಇಳಿಯುತ್ತಿತ್ತು. ನಾನು ಬಿಡಿಸಿಕೊಳ್ಳಲಿಲ್ಲ.

ಹುಡುಗಿ ಬಾಗಿಲಾಚೆ ನೋಡಿದಳು. ಆಮೇಲೆ ಬಗ್ಗಿ, ಕಂಕುಳಿನ ಚಪ್ಪಲಿ ತೆಗೆದು ಕೆಂಪು ಬೂಟಿನ ಪಕ್ಕ ಇಟ್ಟಳು. ಎರಡೂ ಕಾಲಿನದು, ತುದಿ ಗೋಡೆಯ ಕಡೆಗೆ. ಕೈ ಫ್ರಾಕಿಗೆ ಒರೆಸಿಕೊಂಡು ಹೊಸ್ತಿಲ ಮೇಲೆ ನಿಂತಳು. ಅವರನ್ನು ಏನೆಂದು ಕರೆಯಬೇಕೋ ಅವಳಿಗೆ ಇನ್ನೂ ಗೊತ್ತಿರಲಿಲ್ಲ.

“ಓಯ್!” ಎಂದು ಕೂಗಿದಳು. “ಅಲ್ಲಿ ನಿಂತು ಏನ್ ನೋಡ್ತಿದೀರಾ? ಒಳಗ್ ಬನ್ನಿ.”

ಭಾವ ಎಡಬಲ ನೋಡದೆ ರಸ್ತೆಗಿಳಿದರು, ಒಂದು ಸೈಕಲ್ಲಿನವನು ಬೈದುಕೊಂಡು ಹೋದ. ಅವರು ಹೊಸ್ತಿಲ ಬಳಿ ಬಂದಾಗ ಬಾಯಲ್ಲಿ ಇನ್ನೂ ಮೊಳೆಗಳಿದ್ದವು. ಹುಡುಗಿ ಅಂಗೈ ಚಾಚಿದಳು. ಅವರು ಒಂದೊಂದಾಗಿ ಎಲ್ಲವನ್ನೂ ಅದರಲ್ಲಿ ಇಟ್ಟರು. ಹಿಂದೆ ಚೀಲ ನೆಲಕ್ಕಿಳಿದ ಸದ್ದು ಕೇಳಿ ಅಕ್ಕ ನನ್ನ ರಟ್ಟೆ ಬಿಟ್ಟಳು.