ಮುನಾವರ್ ಮೇಷ್ಟ್ರ ಪಾಕಿಸ್ತಾನದ ಪಾಠ

ನಾನು ಶಾಲೆಯಲ್ಲಿ ಕೂತು ಕಲಿತವನಲ್ಲ. ಅಂಗಡಿಯ ಪೊಟ್ಟಣ ಬಿಚ್ಚಿ ಅಕ್ಷರ ಕೂಡಿಸಿಕೊಂಡವನು. ಇತಿಹಾಸ ಮಾತ್ರ ಕೂಟಗಲ್ ಪಕ್ಕದ ನಮ್ಮೂರ ಶಾಲೆಯ ಕಿಟಕಿಗೆ ಒರಗಿ, ಮುನಾವರ್ ಮೇಷ್ಟ್ರ ಬಾಯಿಂದಲೇ ಕೇಳಿ ಕಲಿತೆ. ಚನ್ನಪಟ್ಟಣದಿಂದ ಸೈಕಲ್ ತುಳಿದು ತುಳಿದು ಅವರ ಮೊಣಕಾಲು ಸವೆದಿತ್ತು. ಆದರೆ ಯುದ್ಧದ ಪಾಠಕ್ಕೆ ನಿಂತರೆ ಕುದುರೆಯ ಗೊರಸಿನ ಸದ್ದು ನಮಗೂ ಕೇಳುತ್ತಿತ್ತು.

ಬಾಂಗ್ಲಾ ಯುದ್ಧ ಮುಗಿದ ವರ್ಷ, ಏಳನೇ ತರಗತಿಗೆ ಪಾಕಿಸ್ತಾನ ಹುಟ್ಟಿದ ಪಾಠ ಬಂತು. ಹೆಡ್ ಮೇಷ್ಟ್ರು ಮುನಿರಾಮಯ್ಯ ಮೆಲ್ಲಗೆ ಹೇಳಿದರು:

“ಇದೊಂದ ನಾನು ಮಾಡ್ತೀನಿ ಬುಡಿ ಮೇಷ್ಟ್ರೇ. ಊರೋರ ಬಾಯಿ ಗೊತ್ತಲ್ಲ.”

“ಅಶೋಕಂದೂ ನಾನೇ ಮಾಡ್ದೆ, ಬಾಬರಂದೂ ನಾನೇ ಮಾಡ್ದೆ. ಇದನ್ನ ಬುಟ್ರೆ, ಇವನಿಗೇನೋ ಅಳುಕೈತೆ ಅಂತಾರೆ ಸಾ. ಆಮೇಲೆ ಯಾವ ಪಾಠಕ್ಕೆ ನನ್ನ ನಂಬ್ತಾರೆ?”

ಆ ದಿನ ಕಿಟಕಿಯ ಬಳಿ ನನ್ನ ಜೊತೆ ಇನ್ನೂ ನಾಲ್ಕಾರು ಜನ. ಹಸು ಹುಡುಕಿಕೊಂಡು ಬಂದೆ ಎಂದ ಕರಿಯಪ್ಪನ ಹಸು ಕೊಟ್ಟಿಗೆಯಲ್ಲೇ ಇತ್ತು.

“ಏನ್ಲಾ ಕರಿಯ, ಹಸ ಏಳನೇ ಕ್ಲಾಸ್‌ಗೆ ಸೇರ್ಕತಾ?” ಎಂದೆ.

“ಸುಮ್ಕಿರ್ಲಾ, ಕೇಳುಮ.”

ಮೇಷ್ಟ್ರು ತಲೆ ಎತ್ತಲಿಲ್ಲ, ಕೈ ಬೀಸಲಿಲ್ಲ. ಬೇಯದ ಮುದ್ದೆ ನುಂಗುವವರ ಹಾಗೆ ಪುಸ್ತಕದ ಸಾಲುಗಳನ್ನು ಓದಿದರು. ಗಡಿ ಎಳೆದದ್ದು, ಜನ ರೈಲು ಹತ್ತಿದ್ದು ಎಲ್ಲ ಮುಗಿದಾಗ ಕರಿಯಪ್ಪನ ಮಗಳು ಸಿದ್ದಿ ಎದ್ದು ನಿಂತಳು.

“ಸಾ, ಅವಾಗ ನಿಮ್ಮೋರು ಯಾಕೆ ಹೋಗ್ನಿಲ್ಲ?”

“ಏ, ಕೂತ್ಕಳೇ!” ಕರಿಯಪ್ಪ ಹೊರಗಿನಿಂದಲೇ ಗದರಿದ. ಅವನ ಕಿವಿ ಮಾತ್ರ ಒಳಗೇ ಇತ್ತು.

ಮೇಷ್ಟ್ರು ಪುಸ್ತಕ ಮುಚ್ಚಿದರು. “ನಮ್ಮಪ್ಪ ರೇಷ್ಮೆ ನೂಲು ತೆಗೆಯೋರು ಕಣವ್ವ. ಅವಾಗ ಈ ಕಡೆ ಹಳ್ಳಿಗಳಿಂದ್ಲೇ ಗೂಡು ಕೊಂಡು ತಂದಿದ್ರು. ಗೂಡ ಹಂಗೇ ಬುಟ್ಟು ಹೋದ್ರೆ ಏನಾಯ್ತದೆ?”

“ಚಿಟ್ಟೆ ತೂತು ಮಾಡ್ಕಂಡು ಬತ್ತದೆ ಸಾ! ನೂಲು ಹಾಳು!” ಇಡೀ ತರಗತಿ ಕೂಗಿತು.

“ಅದಕ್ಕೇ ಗೂಡು ಬೇಯ್ಸಿ ನೂಲು ತೆಗೆಯಕ್ಕೆ ಒಲೆ ಹಚ್ಕಂಡು ಕೂತ್ರು. ಅದು ಮುಗಿಯೋದ್ರಲ್ಲಿ ಇನ್ನೊಂದು ಮಂಕರಿ ಗೂಡು ಬಂತು.”

ಕಿಟಕಿಯವರು ಗೊಳ್ಳೆಂದು ನಕ್ಕರು. “ಮೇಷ್ಟ್ರು ನಮ್ಮೋರೇ ಕಣ್ಲಾ” ಎಂದು ತೀರ್ಪು ಕೊಟ್ಟು ಕರಿಯಪ್ಪ ಹೊರಟ.

ಸಂಜೆ ಮುನಿರಾಮಯ್ಯ ಬೆನ್ನು ತಟ್ಟಿದರು. “ಗೆದ್ಬುಟ್ರಿ! ಮುಂದಿನ ವರ್ಷಾನೂ ನೀವೇ ಮಾಡಿ.”

ಮೇಷ್ಟ್ರು ಸೈಕಲ್ ಹತ್ತಲಿಲ್ಲ. ತಳ್ಳಿಕೊಂಡೇ ಹೊರಟರು.

“ಬ್ಯಾಡ ಸಾ, ನೀವೇ ಮಾಡಿ. ಪಾಠ ಕಷ್ಟ ಅಲ್ಲ. ವರ್ಷವರ್ಷ ನಮ್ಮಪ್ಪನ್ನ ಗೋರಿಯಿಂದ ಎಬ್ಬಿಸ್ಕಂಡು ಬಂದು ಸಾಕ್ಷಿ ಹೇಳ್ಸಕ್ಕೆ ನನ್ನ ಕೈಲಾಗಲ್ಲ.”