ಕಂದಾಯವಿಲ್ಲದ ಬೀದಿಗೆ ಹೋಗಿಬಂದದ್ದು

ಟ್ರಂಕು ಯಾಕೆ ಇಷ್ಟು ಭಾರ ಎಂದು ಮೈಸೂರಿನ ಬಸ್ ನಿಲ್ದಾಣದಲ್ಲೇ ನನ್ನ ತಂಗಿ ನಾಗುವನ್ನು ಕೇಳಿದ್ದೆ. "ಮೂರು ದಿನದ ಬಟ್ಟೆ, ಅಣ್ಣಯ್ಯ. ಕೊಡಗಿನಲ್ಲಿ ಚಳಿ ಅಂತಾರೆ" ಎಂದಳು. ಬಸ್ಸಿನ ಮೇಲೇರಿಸುವಾಗ ಕೂಲಿಯವನು ಎರಡು ಸಲ ಉಸಿರು ಬಿಟ್ಟ. ಕಂಡಕ್ಟರು ಅದನ್ನು ನೋಡಿದವನೇ ಲಗೇಜಿಗೆಂದು ಎಂಟಾಣೆ ಕಿತ್ತುಕೊಂಡ. ಟಿಕೆಟ್ಟಿಗೆ ತಲಾ ಮೂರು ರೂಪಾಯಿ ಚಿಲ್ಲರೆ. ಹಿಂದಿರುಗಿಸಿದ್ದು ಹೊಸ ಪೈಸೆಗಳಲ್ಲಿ. ಅದು ಸರಿಯಾಗಿದೆಯೋ ಇಲ್ಲವೋ ಎಂದು ನಾನು ಹುಣಸೂರಿನವರೆಗೂ ಲೆಕ್ಕ ಹಾಕಿದೆ. ಸರಿಯಾಗಿಯೇ ಇತ್ತು.

ನಾವು ಹೊರಟದ್ದಕ್ಕೆ ಕಾರಣ ಒಂದು ಕಾಗದ. ಕುಶಾಲಪ್ಪ ಎಂಬ ಕಾಫಿ ಪ್ಲಾಂಟರ ಮಗ ಮೈಸೂರಿನಲ್ಲಿ ಓದುವಾಗ ನಮ್ಮ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದ, ನಾಗುವಿನ ಕೈಯೂಟ ಉಂಡವನು. ಈಗ ಆ ಹುಡುಗನ ಅಪ್ಪ ಕುಶಾಲಪ್ಪನವರು ಬರೆದಿದ್ದರು: ತಮ್ಮ ಊರಿನ ಹಳೇ ಸಂತೆ ಬೀದಿ ಪಾಳು ಬಿದ್ದಿದೆ, ಅದಕ್ಕೆ ಮತ್ತೆ ಜೀವ ಬರಲೆಂದು ಮುನಿಸಿಪಾಲಿಟಿಯವರು ಮುಚ್ಚಿದ ಅಂಗಡಿಯನ್ನು ತೆರೆಸಿದವರಿಗೆ ಐದು ವರ್ಷ ಮನೆಕಂದಾಯವನ್ನೂ ಲೈಸೆನ್ಸ್ ಫೀಜನ್ನೂ ಬಿಡುತ್ತಾರೆ, ತಮ್ಮದೊಂದು ಮಳಿಗೆ ಖಾಲಿ ಇದೆ, ನಾಗರತ್ನಮ್ಮನವರು ಬಂದು ಊಟದ ಹೋಟೆಲು ಇಟ್ಟರೆ ಬಾಡಿಗೆಯಲ್ಲೂ ರಿಯಾಯಿತಿ. ಗಂಡ ಹೋದ ಮೇಲೆ ಹನ್ನೊಂದು ವರ್ಷ ನಮ್ಮ ಮನೆಯಲ್ಲಿ ಒಲೆ ಉರಿಸಿದವಳು ನಾಗು. ಕಾಗದ ಓದಿ, "ನನ್ನದೂ ಅಂತ ಒಂದು ಬಾಗಿಲು ಇರಲಿ ಅಣ್ಣಯ್ಯ" ಎಂದಳು. ನನ್ನ ಹೆಂಡತಿ ತಕ್ಷಣ ಹೂಂ ಅಂದುಬಿಟ್ಟಳು. ನಾನು ಅನ್ನಲಿಲ್ಲ. ಮೂವತ್ತು ವರ್ಷ ಕಂದಾಯ ವಸೂಲಿ ಮಾಡಿದವನು ನಾನು. ಕಂದಾಯ ಬಿಡುತ್ತೇನೆ ಅನ್ನುವ ಮುನಿಸಿಪಾಲಿಟಿಯನ್ನು ಕಣ್ಣಾರೆ ಕಂಡವನಲ್ಲ. ಇದರಲ್ಲಿ ಏನೋ ಇದೆ, ಹೋಗಿ ಹಿಡಿಯುತ್ತೇನೆ ಎಂದು ಹೊರಟೆ.

ಪಿರಿಯಾಪಟ್ಟಣದಲ್ಲಿ ಬಸ್ಸು ಗುಂಡಿಗೆ ಇಳಿದಾಗ ಮೇಲಿನ ಟ್ರಂಕು ಜಾರಿ, ಪಕ್ಕದಲ್ಲಿ ಸಿಕ್ಕಿಸಿದ್ದ ನನ್ನ ಕೊಡೆಯ ಮೇಲೆ ಬಿತ್ತು. ಎರಡು ಕಡ್ಡಿ ಮುರಿದವು. ಕುಶಾಲನಗರದ ಸೇತುವೆ ದಾಟುತ್ತಲೇ ಮೋಡ ತಗ್ಗಿತು, ಗಾಳಿಗೆ ಒದ್ದೆಯ ವಾಸನೆ ಬಂತು. ಮೇ ತಿಂಗಳ ಕೊನೆ. ಇನ್ನು ಎಂಟು ಹತ್ತು ದಿನದಲ್ಲಿ ಮಳೆ ಹಿಡಿಯುತ್ತದೆ ಎಂದು ಬಸ್ಸಿನವರೆಲ್ಲ ಮಾತಾಡಿಕೊಳ್ಳುತ್ತಿದ್ದರು. ಅಂಥ ಊರಿಗೆ ಮುರಿದ ಕೊಡೆ ಹಿಡಿದು ಹೋಗುವುದು ನನಗೆ ಒಳ್ಳೆಯ ಶಕುನವಾಗಿ ಕಾಣಲಿಲ್ಲ.

ಸುಂಟಿಕೊಪ್ಪದಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಎಸ್ಟೇಟಿನ ಆಳುಗಳು ಅಕ್ಕಿ ಮೂಟೆ, ಕೋಳಿ, ಮಕ್ಕಳ ಸಮೇತ ಕಾಯುತ್ತಿದ್ದರು. ಒಂದೇ ಬೆಂಚಿನ ಮೇಲೆ ನಾಲ್ಕು ಭಾಷೆ ಕೇಳಿಸಿತು. ಅಲ್ಲಿಂದ ಮುಂದಿನ ಪೇಟೆಯ ಹೆಸರನ್ನು ನಾನು ಬರೆಯುವುದಿಲ್ಲ. ಅಲ್ಲಿ ಈಗ ನನಗೆ ಬೇಕಾದವರಿದ್ದಾರೆ. ಸಂಜೆ ಐದಕ್ಕೆ ತಲುಪಿ, ಹೊಸ ರಸ್ತೆಯ ಒಂದು ವಸತಿಗೃಹದಲ್ಲಿ ಇಳಿದೆವು. ಅಕ್ಕಿ ರೊಟ್ಟಿ, ಬಾಳೆಕಾಯಿ ಪಲ್ಯ ಕೊಟ್ಟರು. ನಾಗು ಒಂದು ತುತ್ತು ತಿಂದು, "ಪಲ್ಯಕ್ಕೆ ಒಗ್ಗರಣೆ ಕರಕಲಾಗಿದೆ. ಈ ಊರಿಗೆ ನಾನು ಬೇಕು" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಮರುದಿನ ಬೆಳಗ್ಗೆ ಕುಶಾಲಪ್ಪನವರು ಜೀಪಿನಲ್ಲಿ ಬಂದರು. ಎತ್ತರದ ಆಳು, ದೊಡ್ಡ ಮೀಸೆ, ಮೆದು ಮಾತು. ಬೆಲ್ಲದ ಕಾಫಿ ಕುಡಿಸಿ, ಎರಡು ಡಜನ್ ಬಾಳೆಹಣ್ಣು ಕೊಟ್ಟರು. ಇಷ್ಟು ಉಪಚಾರ ಮಾಡುವವರನ್ನು ಕಂಡರೆ ನಾನು ಜೇಬು ಮುಟ್ಟಿ ನೋಡಿಕೊಳ್ಳುವವನು. ಹಳೇ ಸಂತೆ ಬೀದಿಗೆ ನಡೆದೇ ಹೋದೆವು. ಮೊದಲು ಬಸ್ಸುಗಳು ನಿಲ್ಲುತ್ತಿದ್ದದ್ದು ಅಲ್ಲೇ ಅಂತೆ. ನಿಲ್ದಾಣ ಹೊಸ ರಸ್ತೆಗೆ ಹೋದದ್ದೇ ಗಿರಾಕಿಯೂ ಹೋದ. ಕೊಡಗು ರಾಜ್ಯ ಮೈಸೂರಿನೊಂದಿಗೆ ಸೇರಿದ ಮೇಲೆ ಬೀದಿ ಕೊನೆಯಲ್ಲಿದ್ದ ಒಂದು ಕಚೇರಿಯೂ ಎದ್ದುಹೋಯಿತು. ಎರಡೂ ಕಡೆ ಹಂಚಿನ ಮಳಿಗೆಗಳು. ಎಲ್ಲಕ್ಕೂ ಉದ್ದುದ್ದ ಹಲಗೆ ಬಾಗಿಲು, ಹಲಗೆಯ ಮೇಲೆ ಸುಣ್ಣದಲ್ಲಿ ಒಂದು, ಎರಡು, ಮೂರು ಎಂದು ಅಂಕಿ. ಬೆಳಗ್ಗೆ ಒಂದೊಂದಾಗಿ ತೆಗೆದು, ಸಂಜೆ ಅದೇ ಕ್ರಮದಲ್ಲಿ ಜೋಡಿಸುವುದು ಅಲ್ಲಿನ ಪದ್ಧತಿ. ಹತ್ತು ಗಂಟೆಯಾಗಿದ್ದರೂ ಒಂದೇ ಒಂದು ಹಲಗೆ ತೆಗೆದಿರಲಿಲ್ಲ.

"ನೋಡಿ, ಎಂತ ಆಗಿ ಹೋಗಿದೆ" ಎಂದರು ಕುಶಾಲಪ್ಪನವರು. ಜೊತೆಗಿದ್ದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಕಡೆ ತಿರುಗಿ, "ಕೀ ಎಲ್ಲಿ ಉಟ್ಟು?" ಎಂದು ತಮ್ಮ ಅರೆಭಾಷೆಯಲ್ಲಿ ಕೇಳಿ, ಬೀಗದ ಕೈ ಇಸಿದುಕೊಂಡು ತಮ್ಮ ಮಳಿಗೆಯ ಪಕ್ಕದ ಬಾಗಿಲು ತೆಗೆದರು. "ಮುಚ್ಚಿ ಒಂದು ವರ್ಷ ಆಯ್ತು."

ಒಂದು ವರ್ಷ ಮುಚ್ಚಿದ ಅಂಗಡಿಯಲ್ಲಿ ಜೇಡರ ಬಲೆ ಇರಲಿಲ್ಲ. ನೆಲದ ಮಧ್ಯದಲ್ಲಿ ಒಬ್ಬ ಕೂರುವಷ್ಟು ಜಾಗ ಉಜ್ಜಿ ನುಣುಪಾಗಿತ್ತು. ಗೋಡೆಯ ಮೊಳೆಯಲ್ಲಿ ಕರಿ ಬಟ್ಟೆಯ ಚೂರು ನೇತಾಡುತ್ತಿತ್ತು. ಎಲ್ಲವನ್ನೂ ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ನಾಗು ಹಿಂದಿನ ಕೋಣೆಗೆ ಹೋಗಿ, ಒಲೆ ಎಲ್ಲಿ, ಹೊಗೆ ಎಲ್ಲಿಂದ ಹೋಗಬೇಕು ಎಂದು ಗೇಣು ಹಾಕಿ ಅಳೆಯುತ್ತಿದ್ದಳು.

ಅಲ್ಲಿಂದ ನೇರ ಮುನಿಸಿಪಲ್ ಕಚೇರಿಗೆ ಹೋದೆ. ಗುಮಾಸ್ತ ನೋಟೀಸು ತೋರಿಸಿದ. ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಮುಚ್ಚಿದ್ದು, ಹೊಸಬರು ತೆರೆದ ಮಳಿಗೆಗೆ ಮಾತ್ರ ರಿಯಾಯಿತಿ ಎಂದಿತ್ತು.

"ಇಷ್ಟು ದಿನ ಮುಚ್ಚದೆ ನಡೆಸಿಕೊಂಡು ಬಂದವನಿಗೆ?" ಎಂದೆ.

"ಅವನಿಗೆ ಎಂತ ಕಷ್ಟ ಸ್ವಾಮಿ? ಅವನದು ನಡೀತಾ ಉಂಟಲ್ಲ" ಎಂದ ಗುಮಾಸ್ತ.

"ಹಾಗಾದರೆ ಅವನೂ ಮುಚ್ಚಿ ಕೂರುತ್ತಾನೆ."

"ಮುಚ್ಚಿದ್ರೆ ಮುಚ್ಚಿದ್ದು ಅಂತ ಬರೆಯೋದು. ನಾವು ಹಲಗೆ ನೋಡೋದು, ಒಳಗೆ ನುಗ್ಗಿ ನೋಡೋದು ನಮ್ಮ ಕೆಲಸ ಅಲ್ಲ" ಎಂದು ಕಡತ ಕಟ್ಟಿದ. ನನ್ನ ನೌಕರಿಯಲ್ಲಿ ನಾನೂ ಇದೇ ಮಾತನ್ನು ಎಷ್ಟು ಸಲ ಆಡಿದ್ದೆನೋ.

ಮಧ್ಯಾಹ್ನ ಬೀದಿಯ ತುದಿಯ ಕಟ್ಟೆಯ ಮೇಲೆ ಒಬ್ಬನೇ ಕುಳಿತು ಕಾದೆ. ಸತ್ತ ಬೀದಿ ಎಂದುಕೊಂಡಿದ್ದೆನಲ್ಲ, ಎದುರಿನ ಮುಚ್ಚಿದ ಹಲಗೆಗಳ ಹಿಂದೆ ಹೊಲಿಗೆ ಯಂತ್ರ ಓಡುತ್ತಿತ್ತು. ಇನ್ನೊಂದು ಕಡೆಯಿಂದ ಕಡಲೆ ಹುರಿಯುವ ವಾಸನೆ. ಅದಕ್ಕಿಂತ ವಿಚಿತ್ರ ಇನ್ನೊಂದು: ಕುಶಾಲಪ್ಪನವರ ಮಳಿಗೆಯ ಪಕ್ಕದ ಓಣಿಗೆ ಜನ ಮುರಿದ ಕೊಡೆ ಹಿಡಿದು ಹೋಗುತ್ತಿದ್ದರು, ಬರುವಾಗ ನೆಟ್ಟಗಿನ ಕೊಡೆ ಹಿಡಿದು ಬರುತ್ತಿದ್ದರು. ಒಬ್ಬಾಕೆ ಐದು ಕೊಡೆಗಳನ್ನು ಸೌದೆಯಂತೆ ಕಟ್ಟಿ ಹೊತ್ತು ತಂದಳು. ನಾನು ವಸತಿಗೃಹಕ್ಕೆ ಹೋಗಿ ನನ್ನ ಕೊಡೆ ತಂದೆ. ನಾಗುವೂ ಬಂದಳು.

ಓಣಿಯಲ್ಲಿ ಮಳಿಗೆಯ ಹಿತ್ತಲು. ಸೌದೆ ಇಡುವ ಇಳಿಮಾಡಿನ ಕೆಳಗೆ, ಬೆನ್ನು ಬಗ್ಗಿಸಿಯೇ ಕೂರಬೇಕಾದ ಜಾಗದಲ್ಲಿ, ಬಿಳಿ ಗಡ್ಡದ ಮುದುಕನೊಬ್ಬ ಕೊಡೆಯ ಕಡ್ಡಿಗೆ ತಂತಿ ಸುತ್ತುತ್ತಿದ್ದ. ಹೆಸರು ಮೊಯ್ದು. ಊರಿಗೆಲ್ಲ ಮೊಯ್ದು ಕಾಕ. ನನ್ನ ಕೊಡೆ ಬಿಚ್ಚಿ ನೋಡಿ, "ಭಾರ ಬಿದ್ದಿದೆ ಇದ್ರ ಮೇಲೆ" ಎಂದ.

"ಇಲ್ಲಿ ಯಾಕೆ ಕೂತಿದ್ದೀರಿ?" ನಾಗು ನೇರವಾಗಿ ಕೇಳಿದಳು.

"ಎಂತ ಮಾಡೋದಮ್ಮ, ಯಜಮಾನ್ರು ಮುಂದಿನ ಹಲಗೆ ತೆಗೀಬೇಡ ಅಂದ್ರು. ಬೀಗ ಹಾಕಿದ್ರೆ ಮಾತ್ರ ಕಂದಾಯ ಬಿಡೋದಂತೆ. ಹೊಸಬರು ಬರೋವರೆಗೆ ಹಿಂದೆ ಕೂತ್ಕೋ ಅಂದ್ರು. ವರ್ಷ ಆಯ್ತು, ಒಳಗೆ ದಿನಾ ಗುಡಿಸೋದು ಮಾತ್ರ ನಾನೇ. ಇನ್ನು ಬಂದೇ ಬಿಡ್ತಾರಂತೆ."

"ಎಷ್ಟು ವರ್ಷದಿಂದ ಇದ್ದೀರಿ?"

"ಬಸ್ಸು ಇಲ್ಲಿ ನಿಲ್ತಾ ಇದ್ದಾಗಿಂದ. ಎಲ್ಲರೂ ಹೋದ್ರು, ನಾನು ಹೋಗ್ಲಿಲ್ಲ."

"ಆಮೇಲೆ ಎಲ್ಲಿಗೆ?"

"ಕುಟ್ಟದಲ್ಲಿ ಅಳಿಯನ ಮನೆ ಉಂಟು." ತಂತಿಯನ್ನು ಹಲ್ಲಿನಲ್ಲಿ ಕಡಿದ. "ಆದ್ರೆ ಇಲ್ಲಿನ ಕೊಡೆ ಅಲ್ಲಿಗೆ ಬರ್ತದಾ?"

ಹೊಸಬರು ಯಾರೆಂದು ಅವನೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ವಾಪಸು ಬರುವಾಗ ನನಗೆ ನಿಜವಾಗಿ ಸಂತೋಷವಾಗಿತ್ತು ಎಂದು ಒಪ್ಪಿಕೊಳ್ಳಬೇಕು. ಹುಳುಕು ಸಿಕ್ಕಿತ್ತು. ಸಂತೆ ಬೀದಿಗೆ ಜೀವ ತರಿಸಲು ಹೋಗಿ, ಉಸಿರಾಡುತ್ತಿದ್ದವರ ಬಾಯಿಯನ್ನೂ ಮುಚ್ಚಿಸಿದ್ದರು. "ನೋಡಿದೆಯಾ? ನಾನು ಹೇಳಿರಲಿಲ್ಲವೇ? ನಾಳೆ ಮೊದಲ ಬಸ್ಸಿಗೆ ಹೊರಡೋಣ" ಎಂದೆ. ನಾಗು ಹೆಜ್ಜೆ ಚುರುಕು ಮಾಡಿದಳು. ನನಗೆ ಅದು ಒಪ್ಪಿಗೆಯಂತೆ ಕಂಡಿತು.

ಮೂರನೆಯ ದಿನ ಬೆಳಗ್ಗೆ ನಾನು ಮುಖ ತೊಳೆದು ಬರುವಷ್ಟರಲ್ಲಿ ನಾಗು ಇರಲಿಲ್ಲ. ಬೀದಿಗೆ ಹೋದರೆ ಮಳಿಗೆಯ ಮುಂದೆ ಕುಶಾಲಪ್ಪನವರ ಜೊತೆ ನಿಂತಿದ್ದಳು. ಅವರನ್ನು ಕರೆಸಿದ್ದೂ ಅವಳೇ.

"ಮಳಿಗೆ ನನಗಿರಲಿ. ಆದರೆ ಮುಂದಿನ ಜಾಗ ಕಾಕನದೇ. ಹಿಂದಿನ ಕೋಣೆಯಲ್ಲಿ ನನ್ನ ಒಲೆ. ಹಲಗೆ ಇವತ್ತೇ ತೆಗೆಯಬೇಕು" ಎನ್ನುತ್ತಿದ್ದಳು.

"ಕಾಕ ಅಲ್ಲೇ ಕೂತ್ರೆ ಅದು ಮುಚ್ಚಿದ ಅಂಗಡಿ ಅಂತ ಆಗೋದಿಲ್ಲಮ್ಮ. ರಿಯಾಯಿತಿ ಹೋಯ್ತು" ಎಂದರು ಕುಶಾಲಪ್ಪನವರು ಬಹಳ ಸಮಾಧಾನದಿಂದ.

"ಹೋಗಲಿ. ಕಂದಾಯ ನಾನು ಕಟ್ಟುತ್ತೇನೆ. ನಮ್ಮಣ್ಣ ಮೂವತ್ತು ವರ್ಷ ಊರವರಿಂದೆಲ್ಲ ಕಟ್ಟಿಸಿಕೊಂಡಿದ್ದಾರೆ. ನಮ್ಮ ಮನೆಯವರೂ ಒಂದು ಸಲ ಕಟ್ಟಿದರೆ ತಪ್ಪೇನು?"

ಕುಶಾಲಪ್ಪನವರು ನನ್ನ ಕಡೆ ನೋಡಿದರು. ನಾನು ಮುಚ್ಚಿದ ಹಲಗೆಯ ಕಡೆ ನೋಡಿದೆ. ಕೊನೆಗೆ ಅವರೇ ನಕ್ಕು, "ಮಾಡಿ. ಆದ್ರೆ ಮಳೆ ಹಿಡಿಯೋ ಮೊದ್ಲು ಹಂಚು ತಿರುಗಿಸಿ ಹಾಕಿಸ್ಬೇಕು, ಅಡುಗೆ ಕೋಣೆ ಸೋರ್ತದೆ" ಎಂದರು. ನಾನು ತಿಳಿದಷ್ಟು ಕೆಟ್ಟ ಮನುಷ್ಯ ಅವರಲ್ಲ. ನೋಟೀಸು ಹೇಳಿದಂತೆ ಮಾಡಿದ್ದರು, ಅಷ್ಟೆ.

ಹಲಗೆ ತೆಗೆಯುವುದು ಸುಲಭವಾಗಲಿಲ್ಲ. ತೇವಕ್ಕೆ ಉಬ್ಬಿ ಮೊದಲನೆಯದು ಕಚ್ಚಿಕೊಂಡಿತ್ತು. ರೈಟರು ಎಳೆದರು, ನಾನೂ ಎಳೆದೆ. ಮೊಯ್ದು ಕಾಕ ಬಂದು ಅಂಗೈಯಿಂದ ಕೆಳಗಡೆ ಎರಡು ಪೆಟ್ಟು ಕೊಟ್ಟು, ಸ್ವಲ್ಪ ಮೇಲೆತ್ತಿ ಬಿಚ್ಚಿಬಿಟ್ಟ. ಹಲಗೆಯನ್ನು ಗೋಡೆಗೆ ಒರಗಿಸಿ ಅದರ ಧೂಳು ಒರೆಸಿದ. ಎದುರಿನ ದರ್ಜಿ ತನ್ನ ಒಂದು ಹಲಗೆಯನ್ನು ನಾಲ್ಕು ಬೆರಳು ಸರಿಸಿ ನೋಡಿದ. ತಿರುಗಿ ಮುಚ್ಚಲಿಲ್ಲ.

ಬಸ್ಸಿಗೆ ಹೊತ್ತಾಯಿತು ಎಂದೆ. ಟ್ರಂಕು ಹೊರಿಸಲು ಕೂಲಿಯವನನ್ನು ಕರೆಯುತ್ತೇನೆ, ಸಾಮಾನು ತರಲು ಬೇಕಾದರೆ ಮುಂದಿನ ತಿಂಗಳು ಬರೋಣ ಎಂದೆ.

"ಟ್ರಂಕನ್ನು ಬೆಳಗ್ಗೆಯೇ ಇಲ್ಲಿಗೆ ತರಿಸಿದೆ" ಎಂದಳು. ಒಳಗೆ ಹೋಗಿ ನೋಡಿದೆ. ಮುಚ್ಚಳ ತೆರೆದಿತ್ತು. ದೋಸೆ ಹಂಚು, ಹಿತ್ತಾಳೆ ಸೌಟು, ಜರಡಿ, ಲಟ್ಟಣಿಗೆ, ನಮ್ಮಮ್ಮನ ಸಾಂಬಾರ ಡಬ್ಬಿ. ಬಟ್ಟೆ ಎಂದರೆ ಎರಡೇ ಸೀರೆ.

"ನೀವು ಬೇಡ ಅನ್ನಲಿಕ್ಕೇ ಹೊರಟಿದ್ದೀರಿ ಅಂತ ಗೊತ್ತಿತ್ತು ಅಣ್ಣಯ್ಯ. ಅದಕ್ಕೇ ಎಲ್ಲ ತಂದೆ."

ಊರಿನವರನ್ನೆಲ್ಲ ಸಂಶಯಪಟ್ಟೆನಲ್ಲ, ಅವರೊಳಗೆ ಯಾರಿಗೂ ನನ್ನಷ್ಟು ಸ್ವಾರ್ಥ ಇರಲಿಲ್ಲ. ಅವಳು ಹೋದರೆ ನನಗೆ ಬೆಳಗಿನ ಕಾಫಿ ಯಾರು, ರಾತ್ರಿಯ ಸಾರು ಯಾರು ಎಂಬುದೊಂದೇ ನಾನು ಮೈಸೂರಿನಿಂದ ಹೊತ್ತು ತಂದ ಚಿಂತೆ. ಹನ್ನೊಂದು ವರ್ಷ ಅವಳಿಗೊಂದು ಬಾಗಿಲು ಬೇಕಾಗಿದ್ದದ್ದು ನನಗೆ ಹೊಳೆಯಲೇ ಇಲ್ಲ. ನಾಚಿಕೆಯಾಯಿತು. ಜೇಬಿನಲ್ಲಿದ್ದುದರಲ್ಲಿ ಬಸ್ಸಿಗೆ ಬೇಕಾದಷ್ಟು ಇಟ್ಟುಕೊಂಡು ಉಳಿದುದನ್ನು ಸಾಂಬಾರ ಡಬ್ಬಿಯೊಳಗೆ ಹಾಕಿ ಹೊರಗೆ ಬಂದೆ. ಹಿಂದಿನ ದಿನ ರಿಪೇರಿಗೆ ಬಿಟ್ಟಿದ್ದ ನನ್ನ ಕೊಡೆಯನ್ನು ಕಾಕ ಕೊಟ್ಟ. ಕೂಲಿ ಎಷ್ಟೆಂದರೆ, "ಅಮ್ಮನ ಕೈಯಲ್ಲಿ ಊಟ ಮಾಡ್ತೇನೆ" ಎಂದ. ಬೀದಿಯ ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಹಂಚಿನ ಮೇಲೆ ಹೊಗೆ ಏಳುತ್ತಿತ್ತು.

ಸುಂಟಿಕೊಪ್ಪದಲ್ಲಿ ಮೈಸೂರು ಬಸ್ಸು ಹತ್ತುವಾಗ ಹನಿ ಶುರುವಾಗಿತ್ತು. ಕಂಡಕ್ಟರು ಬರುವಾಗಿನವನೇ. ನನ್ನ ಗುರುತು ಹಿಡಿದ.

"ಲಗೇಜು ಎಲ್ಲಿ ಸ್ವಾಮಿ?"

"ಇಲ್ಲ."

"ಬರುವಾಗ ಅಷ್ಟು ದೊಡ್ಡದಿತ್ತಲ್ಲ?"

"ಇತ್ತು. ಈಗಿಲ್ಲ" ಎಂದೆ.

ನನ್ನ ಮುಖವನ್ನೊಮ್ಮೆ ನೋಡಿದ. ನಂಬಿಕೆಯಾಗಲಿಲ್ಲ ಅವನಿಗೆ. ಬಗ್ಗಿ ಸೀಟಿನ ಕೆಳಗೆ ಕೈಯಾಡಿಸಿ, ಏನೂ ಸಿಗದೆ, ಒಬ್ಬರದೇ ಟಿಕೆಟ್ ಹರಿದುಕೊಟ್ಟ.